ಅಧ್ಯಕ್ಷರ ತಲೆ ಕತ್ತರಿಸಿದ್ದು

ಪಂಚಾಯಿತಿ ಅಧ್ಯಕ್ಷರ ತಲೆಯನ್ನು ಕತ್ತರಿಸಿದವಳು ನಾನೇ. ಪೇಪರಿನಿಂದ!

ನಮ್ಮ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಬೋರ್‌ವೆಲ್ ಮೋಟಾರು ಸುಟ್ಟು ತಿಂಗಳಾಗಿತ್ತು. ಕೆಳಗೆ ಹರಿಯುವ ತೋಡಿನಿಂದ ನೀರು ಹೊತ್ತು ಹೆಂಗಸರ ಸೊಂಟವೇ ಬಿದ್ದುಹೋಗಿತ್ತು. ಸೋಮವಾರ ಪಂಚಾಯಿತಿ ಮುಂದೆ ಧರಣಿ ಎಂದು ತೀರ್ಮಾನವಾಯಿತು. ಬೋರ್ಡು ಬರೆಯುವಷ್ಟು ಅಕ್ಷರ ನನಗಿಲ್ಲ. ಆದರೆ ಕತ್ತರಿ ಹಿಡಿಯಲು ನಾನು ಓದಿದ ಎರಡನೇ ಕ್ಲಾಸು ಧಾರಾಳ ಸಾಕು!

ಯೋಜನೆ ಸರಳ. ಮೇಲೆ, ಜಾಹೀರಾತಿನಲ್ಲಿ ಗಟಗಟ ಜ್ಯೂಸು ಕುಡಿಯುವವನ ಮೈಗೆ ಅಧ್ಯಕ್ಷರ ತಲೆ. ಕೆಳಗೆ, ಖಾಲಿ ಕೊಡಗಳ ನಡುವೆ ನಮ್ಮ ಅಳುಮುಖಗಳು. ನೋಡಿ ಅವರು ನಾಚಿ ಸಾಯಬೇಕು!

ಅಳುವ ಫೋಟೋ ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ಪಕ್ಕದ ಮನೆಯ ಸರಸು ಮಗಳ ಮದುವೆಯದು ತಂದಳು. ತಲೆ ತುಂಬ ಮಲ್ಲಿಗೆ.

"ಹಲ್ಲು ಕಿರಿದಿದ್ದೀಯಲ್ಲೇ!"

"ಪೇಪರ್‌ನವ್ರು ಬರ್ತಾರಂತೆ ಅಜ್ಜಿ. ಸತ್ತ ಮುಖ ಹಾಕಿದ್ರೆ ಮಗಳ ಅತ್ತೆ ಏನಂದಾಳು?"

ಹದಿಮೂರು ಹೆಂಗಸರದೂ ಅದೇ ಹಾಡು. ಬೈಯುತ್ತಲೇ ಮೈದಾ ಅಂಟಿನಲ್ಲಿ ಅಂಟಿಸಿದೆ. ನನ್ನದೋ? ರೇಷ್ಮೆ ಸೀರೆ, ಎರಡೆಳೆ ಸರ, ಎಲ್ಲರದಕ್ಕಿಂತ ದೊಡ್ಡದು! ಕೊಡಗಳಿಗೆ ಜಾಗ ಉಳಿಯಲಿಲ್ಲ. ಬಿಟ್ಟೆ.

ನನ್ನ ಗಂಡ ನೋಡಿ, "ಏನೇ ಇದು, ಅವ್ರ ಹುಟ್ಟುಹಬ್ಬವಾ?" ಎಂದರು.

"ನಿಮ್ಗೇನು ಗೊತ್ತಾಗ್ತದೆ ಇದೆಲ್ಲ? ಸುಮ್ನೆ ಕಾಫಿ ಕುಡೀರಿ."

ಸೋಮವಾರ ನಾನೇ ಮುಂದೆ ನಿಂತು ಬೋರ್ಡು ಎತ್ತಿ ಹಿಡಿದೆ. ಅಧ್ಯಕ್ಷರು ಜೀಪಿನಿಂದ ಇಳಿದರು. ನೋಡಿದರು. ಮುಖ ಅರಳಿತು! ಆಗ ನಾನೂ ತಿರುಗಿಸಿ ನೋಡಿದೆ. ಮೇಲೆ ದೊಡ್ಡದಾಗಿ ಅವರು, ಕೆಳಗೆ ಸಾಲಾಗಿ ನಗುವ ನಾವು. ಗೋಣಿಕೊಪ್ಪಲಿನ ಪೇಟೆಯಲ್ಲಿ 'ಶುಭ ಕೋರುವವರು' ಎಂದು ಕಟ್ಟುತ್ತಾರಲ್ಲ, ಸಾಕ್ಷಾತ್ ಆ ಫ್ಲೆಕ್ಸು!

"ನಾಡಿದ್ದು ನನ್ನ ಹುಟ್ಟುಹಬ್ಬ ಅಂತ ನಿಮ್ಗೆ ಯಾರಜ್ಜಿ ಹೇಳಿದ್ದು?"

"ಹುಟ್ಟುಹಬ್ಬ ಅಲ್ಲ, ಇದು ನಿಮ್ಮನ್ನ ಬೈದಿರೋದು!"

"ಒಳ್ಳೆ ತಮಾಷೆ ನೀವು!" ಎಂದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. "ನಿಮ್ಗೇನಾಗ್ಬೇಕು, ಹೇಳಿ."

"ಮೋಟಾರು!"

ಮರುದಿನವೇ ಬಂತು. ನೀರೂ ಬಂತು. ಮಾನ ಮಾತ್ರ ಹೋಯಿತು. "ನಮ್ಮಜ್ಜಿ ಹಾಗೆ ಹೊಗಳೋಕೆ ಯಾರಿಗೂ ಬರೋದಿಲ್ಲ" ಎಂದು ಲೈನಿನವರೆಲ್ಲ ಕೊಂಡಾಡುತ್ತಿದ್ದಾರೆ. ನಲವತ್ತು ವರ್ಷದಲ್ಲಿ ಕಟ್ಟಿಕೊಂಡ ಗಂಡನನ್ನೇ ಒಮ್ಮೆಯೂ ಹೊಗಳದವಳು ನಾನು! ಓದು ಬಾರದಿದ್ದರೂ ಬೈಯಲಾದರೂ ಚೆನ್ನಾಗಿ ಬರುತ್ತದೆ ಎಂದುಕೊಂಡಿದ್ದೆ.

ಅದೂ ಬರುವುದಿಲ್ಲ.