ಮಾವ ಕಟ್ಟಿದ ರೇಸು ಕಾರು

ನನ್ನ ಸೋದರಮಾವನಿಗೆ ಅಂಗಡಿಯಲ್ಲಿ ಸಿಗುವ ಯಾವ ವಸ್ತುವಿನ ಮೇಲೂ ನಂಬಿಕೆಯಿಲ್ಲ. ಮನೆಯ ಮಿಕ್ಸಿ, ನೀರಿನ ಪಂಪು, ಬಾಗಿಲಿನ ಚಿಲಕ, ಎಲ್ಲವನ್ನೂ ಒಮ್ಮೆ ಬಿಚ್ಚಿ ಪುನಃ ಜೋಡಿಸಿದ ಮೇಲೆಯೇ ಅವರಿಗೆ ಸಮಾಧಾನ. ಸಾಧ್ಯವಿದ್ದಿದ್ದರೆ ಹೆಂಡತಿಯನ್ನೂ ಮನೆಯಲ್ಲೇ ತಯಾರಿಸಿಕೊಳ್ಳುತ್ತಿದ್ದರು ಎಂಬುದು ಅತ್ತೆಯ ದೂರು. ಮೂವತ್ತು ವರ್ಷ ಮೀನುಗಾರಿಕೆ ದೋಣಿಗಳ ಇಂಜಿನ್ ರಿಪೇರಿ ಮಾಡಿದ ಮನುಷ್ಯ. ತಲ್ಲೂರಿನ ಅವರ ಮನೆಗೆ ಹೋದರೆ ಮೊದಲು ಡೀಸೆಲ್ ವಾಸನೆ ಬರುತ್ತದೆ, ಆಮೇಲೆ ಮಾವ ಬರುತ್ತಾರೆ.

ಇಂಥವರಿಗೆ ಅರವತ್ತರ ಹತ್ತಿರ ಬಂದಾಗ ಡ್ರ್ಯಾಗ್ ರೇಸಿನ ಹುಚ್ಚು ಹಿಡಿಯಿತು. ಯಾರೋ ಮೊಬೈಲಿನಲ್ಲಿ ತೋರಿಸಿದರಂತೆ. ಒಂದು ನೇರ ರಸ್ತೆ, ಎರಡು ಕಾರು, ಮೊದಲು ಗೆರೆ ದಾಟಿದವನು ಗೆದ್ದ. ತಿರುವಿಲ್ಲ, ಸುತ್ತಿಲ್ಲ, ನೀವು ಸೀನುವುದರೊಳಗೆ ಮುಗಿದುಹೋಗುತ್ತದೆ. ಇದರಲ್ಲಿ ಎಂಥ ಚಂದ ಎಂದು ಕೇಳಿದೆ.

"ಕಂಬ್ಳ ಅಲ್ದಾ ಮಾರಾಯ? ಕೆಸ್ರ್ ಒಂದ್ ಇಲ್ಲೆ, ಅಷ್ಟೇ" ಅಂದರು.

ಕಂಬಳಕ್ಕಾದರೆ ಕೋಣ ಬೇಕು, ಇದಕ್ಕೆ ಕಾರು ಬೇಡವೇ? ಮಾವನ ಕೈಯಲ್ಲಿದ್ದ ದುಡ್ಡಿಗೆ ರೇಸು ಕಾರಿನ ಚಕ್ರ ಬರುವುದೂ ಅನುಮಾನ. ಆದರೂ ಬ್ರಹ್ಮಾವರದಲ್ಲಿ ಯಾರೋ ಕಟ್ಟಿ ಮುಗಿಸಿದ ಕೆಂಪು ರೇಸು ಕಾರೊಂದು ಅಗ್ಗಕ್ಕೆ ಮಾರಾಟಕ್ಕಿದೆಯೆಂದು ನಾನೇ ಪತ್ತೆ ಹಚ್ಚಿ, ಸ್ವಲ್ಪ ನಾನೂ ಹಾಕುತ್ತೇನೆಂದು ಒಪ್ಪಿಸಿ, ಅವರನ್ನು ಕರೆದುಕೊಂಡು ಹೋದೆ. ಮಾವ ಬಾನೆಟ್ ಎತ್ತಿ ನೋಡಿದರು. ಆಮೇಲೆ ಕಾರಿನ ಅಡಿಗೆ ನುಗ್ಗಿದವರು ಒಂದು ಗಂಟೆಯಾದರೂ ಹೊರಗೆ ಬರಲಿಲ್ಲ. ಮಾರುವವನಿಗೇ ಗಾಬರಿಯಾಯಿತು.

"ಹ್ಯಾಂಗಿತ್ತ್ ಮಾವ?"

"ಲಾಯ್ಕ್ ಇತ್ತ್. ಮಾಡ್ದವ ಬುದ್ಧಿವಂತ."

"ಹಾಂಗಾರೆ ತೆಕಂಬನಾ?"

"ಎಂತಕೆ? ಇದನ್ ಮಾಡಿ ಆಯ್ತಲೆ. ಇನ್ ನಾನ್ ಎಂತ ಮಾಡುದ್ ಇದ್ರಂಗೆ?"

ನೀವೇ ಹೇಳಿ, ಈ ಪ್ರಶ್ನೆಗೆ ಉತ್ತರವಿದೆಯೇ? ವಾಪಸು ಬರುವಾಗ ಗುಜರಿ ಅಂಗಡಿಯಿಂದ ಒಂದು ಮುದಿ ಸಣ್ಣ ಕಾರನ್ನು ಟೆಂಪೋದಲ್ಲಿ ಹೇರಿಕೊಂಡು ಬಂದೆವು.

ರೇಸು ಕಾರು ಹಗುರ ಇರಬೇಕಂತೆ. ಮಾವ ಹಿಂದಿನ ಸೀಟು ಕಿತ್ತು ಜಗಲಿಯಲ್ಲಿಟ್ಟರು. ಬಂದ ನೆಂಟರೆಲ್ಲ ಅದರಲ್ಲೇ ಕೂತು ಕಾಫಿ ಕುಡಿದರು. ರೇಡಿಯೊ ಹೋಯಿತು, ಸ್ಟೆಪ್ನಿ ಹೋಯಿತು, ಬಾಗಿಲಿನ ಒಳಹೊದಿಕೆ ಹೋಯಿತು. ಅದೂ ಸಾಲದೆಂದು ತಾವೂ ಹಗುರಾಗಲು ರಾತ್ರಿಯ ಅನ್ನ ಬಿಟ್ಟರು. ಅದೇ ವಾರ ಬಂದರಿನಲ್ಲಿ ಬಂಗುಡೆ ಮೀನು ರಾಶಿ ಬೀಳಬೇಕೇ! ಅನ್ನವನ್ನು ತಾನೆ ಬಿಟ್ಟದ್ದು, ಬಂಗುಡೆಯನ್ನಲ್ಲವಲ್ಲ ಎಂದು ವಾದಿಸಿದರು. ಕೊನೆಗೆ ತೂಕದಲ್ಲಿ ಕಾರು ಇಳಿಯಿತು, ಮಾವ ಏರಿದರು.

ಒಂದೂವರೆ ವರ್ಷದ ಮೇಲೆ ಕಾರನ್ನು ಅಂಗಳದಲ್ಲಿ ಮೊದಲ ಸಲ ಓಡಿಸಿದರು. ಇಂಜಿನ್ನಿಗೆ ಎಂಥ ಬಲ ಬಂದಿತ್ತೆಂದರೆ ಪಕ್ಕದ ಮನೆಯ ನಾಯಿ ಎರಡು ದಿನ ಈ ಕಡೆ ತಲೆ ಹಾಕಲಿಲ್ಲ. ಕಾರು ಗುಡುಗುತ್ತಾ ಹೊರಟಿತು, ಅಂಗಳ ದಾಟಿತು, ನಿಲ್ಲಬೇಕಾದಲ್ಲಿ ನಿಲ್ಲದೆ ಸೀದಾ ಅತ್ತೆಯ ಬಸಳೆ ಚಪ್ಪರದೊಳಗೆ ಹೊಕ್ಕಿತು. ನೋಡಿದರೆ ಇಷ್ಟು ದಿನದಲ್ಲಿ ಮಾವ ಬ್ರೇಕಿಗೆ ಕೈಯನ್ನೇ ಹಾಕಿರಲಿಲ್ಲ.

"ಬ್ರೇಕ್ ಅಲ್ದಾ ಮೊದ್ಲ್ ಕಾಂಬುದ್?" ಅತ್ತೆ ಕೇಳಿದರು.

"ನೆನ್ಪೇ ಆಯ್ಲಿಲ್ಲೆ ಮಾರಾಯ್ತಿ. ದೋಣಿಗ್ ಬ್ರೇಕ್ ಇರತ್ತಾ?"

ಅತ್ತೆಗೆ ನಗು ಬರಲಿಲ್ಲ. "ಹ್ವಾಯ್, ಸರಿ ಕೇಣಿ. ಒಂದೇ ಸರ್ತಿ ರೇಸಿಗ್ ಹೋಯ್ನಿ. ಗೆದ್ರೆ ಗಾಡಿ ಮನ್ಯಂಗ್ ಇರ್ಲಿ. ಸೋತ್ರೆ ಗುಜರಿಗೆ" ಅಂದರು. ಕೊರಳಲ್ಲಿ ಬಸಳೆ ಬಳ್ಳಿ ನೇತಾಡುತ್ತಿದ್ದ ಮಾವ ಒಪ್ಪಲೇಬೇಕಾಯಿತು. ಬ್ರೇಕೇನೋ ಮರುದಿನವೇ ಸರಿಯಾಯಿತು, ಆದರೆ ಅಂದಿನಿಂದ ಅವರ ತಮಾಷೆ ಕಮ್ಮಿಯಾಯಿತು. ದಿನಾ ಬೆಳಿಗ್ಗೆ ಎದ್ದು ಆ ಕಾರಿನ ಮೇಲೆ ಒಮ್ಮೆ ಕೈಯಾಡಿಸಿ ಬರುತ್ತಿದ್ದರು. ಅದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಬೈಂದೂರಿನಾಚೆ ಮುಚ್ಚಿದ ಕಾರ್ಖಾನೆಯೊಂದರ ಒಳರಸ್ತೆಯಲ್ಲಿ ಸ್ಪರ್ಧೆ ನಡೆಯಿತು. ಅತ್ತೆಯೂ ಹೊಸ ಸೀರೆ ಉಟ್ಟು ನಮ್ಮ ಜೊತೆ ಬಂದಿದ್ದರು. ಮಾವನ ಎದುರಿಗೆ ಚೀಟಿಯಲ್ಲಿ ಬಂದದ್ದು ಯಾವ ಕಾರು ಅಂತೀರಿ? ನಾವು ಬಿಟ್ಟುಬಂದ ಅದೇ ಕೆಂಪು ಕಾರು! ಅದನ್ನು ಕುಂದಾಪುರದ ಒಬ್ಬ ಹಲ್ಲಿನ ಡಾಕ್ಟರು ಕೊಂಡಿದ್ದರು. ಯಾರದ್ದಾದರೂ ಬಾಯಿ ತೆರೆಸಿದರೆ ಒಳಗಿರುವುದೆಲ್ಲ ಅವರಿಗೆ ಗೊತ್ತಂತೆ, ಆದರೆ ಬಾನೆಟ್ ತೆರೆದರೆ ಏನೂ ಗೊತ್ತಿಲ್ಲ. ಗೆರೆಯ ಬಳಿ ಬಂದು ನಿಂತದ್ದೇ ಅವರ ಕಾರು ಉಸಿರು ನಿಲ್ಲಿಸಿತು. ಎಷ್ಟು ಕೀಲಿ ತಿರುಗಿಸಿದರೂ ಏಳಲಿಲ್ಲ. ಐದು ನಿಮಿಷದೊಳಗೆ ಹೊರಡದಿದ್ದರೆ ಮಾವನೇ ಗೆದ್ದಂತೆ ಎಂದು ಮೈಕಿನಲ್ಲಿ ಹೇಳಿದರು. ನನ್ನ ಎದೆ ಹಗುರಾಯಿತು.

ಅಷ್ಟರಲ್ಲಿ ಮಾವ ತಮ್ಮ ಕಾರಿನಿಂದ ಇಳಿದು ಡಾಕ್ಟರ ಕಾರಿನ ಬಾನೆಟ್ ಎತ್ತಿದರು. ನಾನು ಓಡಿಹೋದೆ.

"ಮಾವ, ಎಂತ ಮಾಡ್ತ್ರಿ? ಸುಮ್ನೆ ಕೂಕಣಿ. ಗೆದ್ದಾಯ್ತ್."

"ಕಡ್ಲಂಗೆ ಮಶಿನ್ ನಿಂತವ್ನ ಬಿಟ್ಕಂಡ್ ಬತ್ರಾ? ಹಗ್ಗ ಕೊಡ್ಕ್ ಅಲ್ದಾ?" ಅಂದರು, ತಲೆ ಎತ್ತದೆ.

ನಮ್ಮ ಕಡಲಿನ ಕ್ರಮವೇ ಹಾಗೆ. ಬಲೆಗೆ ಎಷ್ಟೇ ಮೀನು ಬಿದ್ದಿರಲಿ, ಕೆಟ್ಟು ನಿಂತ ದೋಣಿ ಕಂಡರೆ ಹಗ್ಗ ಕಟ್ಟಿ ದಡಕ್ಕೆ ಎಳೆದು ತರುತ್ತಾರೆ. ಅದು ಜಗಳವಾಡಿದವನ ದೋಣಿಯಾದರೂ ಸರಿ. ಆದರೆ ಇದು ಕಡಲಲ್ಲವಲ್ಲ? ಮಾವನಿಗೆ ಆ ವ್ಯತ್ಯಾಸ ಹೊಳೆಯಲೇ ಇಲ್ಲ. ಮೂರನೇ ನಿಮಿಷಕ್ಕೆ ಸಡಿಲವಾಗಿದ್ದ ಒಂದು ವಯರು ಸಿಕ್ಕಿತು, ಕೆಂಪು ಕಾರು ಗುಡುಗಿತು. ಇಬ್ಬರೂ ಓಡಿದರು. ಮಾವ ಒಂದು ಮಾರು ಹಿಂದೆ ಬಿದ್ದು ಸೋತರು.

ಕಾರು ನಿಲ್ಲಿಸಿ ಇಳಿದವರು ಸೀದಾ ಅತ್ತೆಯ ಎದುರಿಗೆ ಬಂದರು.

"ನಾಳೆ ಗುಜರಿಯವ್ನಿಗ್ ಬಪ್ಪುಕೆ ಹೇಳ್ತೆ" ಅಂದರು. ದನಿ ಸಣ್ಣದಾಗಿತ್ತು.

ಅತ್ತೆ ಒಮ್ಮೆ ಕೆಂಪು ಕಾರಿನತ್ತ ನೋಡಿದರು. ಅವರು ಕಿರಿಮಂಜೇಶ್ವರದ ಮೀನುಗಾರರ ಮನೆಯ ಹೆಣ್ಣು. ಆಮೇಲೆ ನಿಧಾನವಾಗಿ ಹೇಳಿದರು.

"ನಾನ್ ಸಣ್ಣದಿಪ್ಪತಿಗೆ ಅಪ್ಪಯ್ಯನ ದೋಣಿ ಮಶಿನ್ ಕೆಟ್ಟ್ ಎರಡ್ ದಿನ ಕಡ್ಲಂಗೇ ಇದ್ದಿತ್. ಅಮ್ಮ ಒಲೆ ಹೊತ್ಸ್‌ಲಿಲ್ಲೆ. ಯಾರೋ ಹಗ್ಗ ಕೊಟ್ಟ್ ಎಳ್ಕಂಡ್ ಬಂದ್ರ್. ಅವ್ರ್ ಯಾರಂದ್ ಇವತ್ತಿಗೂ ಗೊತ್ತಿಲ್ಲೆ." ಮಾವನ ಕಡೆ ತಿರುಗಿ, "ಗಾಡಿ ಎಲ್ಲಿಗೂ ಕೊಡುದ್ ಬ್ಯಾಡ" ಅಂದರು.

ಅತ್ತೆ ಅಷ್ಟು ಜನರ ಎದುರಿಗೆ ಸೆರಗಿನ ತುದಿಯಿಂದ ಅವರ ಹಣೆಯ ಮೇಲಿನ ಆಯಿಲ್ ಒರೆಸಿದರು. ಅದೇ ಹೊಸ ಸೀರೆ. ನಾನು ಆಚೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ.