ಐವತ್ತು ಮೈಕ್ರೋ ಓಮ್

ಮಧ್ವೇಶನ ಮೀಟರು ಮೈಕ್ರೋ ಓಮ್ ತೋರಿಸುತ್ತಿತ್ತು. ತಪಾಸಣೆಗೆ ಬಂದವರ ಕಾಗದ ಮಿಲಿ ಓಮ್ ಕೇಳುತ್ತಿತ್ತು. ಅವತ್ತಿನ ರಂಪಕ್ಕೆಲ್ಲ ಕಾರಣ ಇಷ್ಟೇ.

ಕೃಷ್ಣಯ್ಯನವರದ್ದು ರಾಜಾಜಿನಗರದಲ್ಲಿ ಕರೆಂಟಿನ ಪ್ಯಾನೆಲ್ ಕಟ್ಟುವ ಪುಟ್ಟ ಕಾರ್ಖಾನೆ. ತಾಮ್ರದ ಪಟ್ಟಿಗಳನ್ನು ಬೋಲ್ಟು ಹಾಕಿ ಬಿಗಿದ ಜಾಗದಲ್ಲಿ ಕರೆಂಟಿಗೆ ಎಷ್ಟು ಅಡ್ಡಿಯಾಗುತ್ತದೆ ಎಂದು ಅಳೆಯುವುದು ಮಧ್ವೇಶನ ಕೆಲಸ. ಓಮನ್ನು ಸಾವಿರ ಪಾಲು ಮಾಡಿದರೆ ಒಂದು ಮಿಲಿ. ಆ ಮಿಲಿಯನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ಮೈಕ್ರೋ. ಭಗವಂತ ಅಣುವಿನಲ್ಲೂ ಇದ್ದಾನೆ ಎನ್ನುತ್ತಾರಲ್ಲ, ಅವನ ಪಕ್ಕದ ಮನೆಯಲ್ಲೇ ಈ ಮೈಕ್ರೋ ಓಮಿನ ವಾಸ.

ಮೀಟರು ಸರಿಯಾಗಿ ಐವತ್ತು ತೋರಿಸಿತು. ಐವತ್ತರವರೆಗೆ ಪಾಸು, ದಾಟಿದರೆ ಫೇಲು. ಅಂಚಿನಲ್ಲಿ ನಿಂತರೂ ಪಾಸು ಪಾಸೇ ಎಂದು ಮಧ್ವೇಶ ಕೈಮುಗಿದ. ಪ್ಯಾನೆಲ್ ಪಾಸಾದ ಕೂಡಲೆ ಮನೆಗೆ ಹೊರಡಬಹುದು ಎಂದು ಕೃಷ್ಣಯ್ಯ ಮಾತು ಕೊಟ್ಟಿದ್ದರು. ಸಂಜೆ ಹೊಸಹಳ್ಳಿಯ ಗಣೇಶನ ಗುಡಿಯಲ್ಲಿ ಅವನ ಮಗಳು ಅಪೂರ್ವ ಮೊದಲ ಸಲ ಮೈಕಿನ ಮುಂದೆ ದೇವರನಾಮ ಹಾಡುವವಳಿದ್ದಳು.

ಹೆಂಡತಿ ಅನಂತಲಕ್ಷ್ಮಿಯ ಫೋನು ಬಂತು. “ರೀ, ಅಪ್ಪ ಎದುರಿಗೆ ಕೂತ್ರೇನೇ ಹಾಡ್ತೀನಿ ಅಂತ ಹಟ ಹಿಡಿದಿದಾಳೆ. ಹೋದ ಸಲದ ಥರ ಮಂಗಳಾರತಿಗೆ ಬರ್ಬೇಡಿ!”

“ಬರ್ತೀನಿ ಕಣೇ. ಒಂದು ಭಾಗಾಕಾರ ಬಾಕಿ ಇದೆ, ಅಷ್ಟೇ.”

ಆ ಭಾಗಾಕಾರಕ್ಕೆ ಆಫೀಸಿನ ರಾಗಿಣಿ ಕೈ ಹಾಕಿದಳು. ಫೋನಿನ ಅಳತೆ ಬದಲಿಸುವ ಆ್ಯಪಿನಲ್ಲಿ ಮೈಕ್ರೋ ಇರಬೇಕಾದ ಕಡೆ ಮಿಲಿ, ಮಿಲಿ ಇರಬೇಕಾದ ಕಡೆ ಮೈಕ್ರೋ ಒತ್ತಿ, “ಐವತ್ತು ಸಾವಿರ ಬಂತು ಸಾರ್!” ಎಂದು ಹಾಗೇ ಟೈಪು ಮಾಡಿದಳು.

“ಅಮ್ಮಾ ತಾಯಿ, ಪಾವಲ್ಲಿ ಅಳೆದ ಅಕ್ಕೀನ ಸೇರಲ್ಲಿ ಅಳೆದ್ರೆ ಲೆಕ್ಕ ಜಾಸ್ತಿ ಆಗುತ್ತೋ, ಕಮ್ಮಿ ಆಗುತ್ತೋ?”

“ನಾವು ಕೇಜಿಲಿ ತರೋದು ಸಾರ್.”

ಮಧ್ವೇಶ ಹಣೆ ಚಚ್ಚಿಕೊಂಡು ತಾನೇ ಕೂತು 0.05 ಎಂದು ಟೈಪು ಮಾಡಿದ. ಪ್ರಿಂಟಿಗೆ ಕಳಿಸುವ ಮುಂಚೆ ಕೃಷ್ಣಯ್ಯ ಹೆಗಲ ಮೇಲಿಂದ ಇಣುಕಿದರು. ಅವರ ಹಣೆಯ ಕುಂಕುಮ ಒಂದು ತೂಕವಾದರೆ, ಪ್ಯಾನೆಲ್ಲಿಗೆ ಬಳಿದ ಕುಂಕುಮ ಇನ್ನೊಂದು ತೂಕ.

“ಏನಯ್ಯ ಇದು, ಸೊನ್ನೆ ಮೇಲೆ ಸೊನ್ನೆ? ಅಮಾವಾಸ್ಯೆ ಇದ್ದಂಗಿದೆ. ಮುಂದಿರೋ ಸೊನ್ನೆಗೆ ಬೆಲೆ ಇಲ್ಲ ಅಂತ ನಮ್ಮ ಮೇಷ್ಟ್ರು ಹೇಳ್ಕೊಟ್ಟಿದ್ರು.”

“ಸಾರ್, ಇದು ಹಾಗಲ್ಲ…”

ಅಷ್ಟರಲ್ಲಿ ಸೊನ್ನೆಗಳು ಹೋಗಿ, ಜೊತೆಗಿದ್ದ ಚುಕ್ಕಿಯೂ ಹೋಗಿ, ಬರೀ ಐದು ಉಳಿದು, ಕಾಗದ ಪ್ರಿಂಟಾಗಿ ತಪಾಸಣೆಯ ಚನ್ನಕೇಶವರ ಕೈ ಸೇರಿತ್ತು.

“ಐದು ಮಿಲಿ ಓಮಾ?” ಚನ್ನಕೇಶವ ಕಾಫಿ ಲೋಟ ಕೆಳಗಿಟ್ಟರು. “ರೀ, ಇರಬೇಕಾದ್ದಕ್ಕಿಂತ ನೂರು ಪಟ್ಟು! ಪ್ಯಾನೆಲ್ ಮಾಡಿದೀರೋ, ಇಡ್ಲಿ ಬೇಯಿಸೋ ಹೀಟರ್ ಮಾಡಿದೀರೋ?”

ಮಧ್ವೇಶ ಅವರ ಮುಂದೆ ಮತ್ತೆ ಮೀಟರಿನ ತಂತಿ ಚುಚ್ಚಿ, ಐವತ್ತು ತೋರಿಸಿ, ಸಾವಿರದಿಂದ ಭಾಗಿಸಿ, ಮಾಲೀಕರು ಅಳಿಸಿದ ಸೊನ್ನೆಗಳನ್ನು ಮಾಲೀಕರ ಎದುರಿಗೇ ವಾಪಸು ಕೂರಿಸುವ ಹೊತ್ತಿಗೆ ಹಿಂಡಿದ ನಿಂಬೆಹಣ್ಣಿನ ಹಾಗಾಗಿದ್ದ. ಚನ್ನಕೇಶವ ಹೊಸ ಕಾಗದ ನೋಡಿದರು, ಮೀಟರು ನೋಡಿದರು, ಕೊನೆಗೆ ಸಹಿ ಹಾಕಿದರು. ಮಧ್ವೇಶ ಓಡಿಹೋಗಿ ಕೈ ತೊಳೆದ, ಮುಖ ತೊಳೆದ, ಬ್ಯಾಗು ಹೆಗಲಿಗೇರಿಸಿದ. ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದರೆ ಗಣಪತಿ ಸ್ತುತಿ ಮುಗಿಯುವುದರೊಳಗೆ ಗುಡಿ ಸೇರಬಹುದು.

“ಇನ್ನೇನು, ನಮ್ಮ ವೆಬ್‌ಸೈಟಿಗೆ ನೀವು ಒಂದು ಅಂಕಿ ತುಂಬಿಸ್ಬಿಟ್ರೆ ಆಯ್ತು,” ಅಂದರು ಚನ್ನಕೇಶವ. “ಅದು ಮಾತ್ರ ಮೈಕ್ರೋ ಓಮಲ್ಲಿ ಇರ್ಬೇಕು.”

ಮಧ್ವೇಶನ ಬ್ಯಾಗು ಹೆಗಲಿಂದ ಜಾರಿತು. “ಮೈಕ್ರೋನಾ? ಮತ್ತೆ ಬೆಳಿಗ್ಗೆಯಿಂದ ಮಿಲಿ, ಮಿಲಿ ಅಂದ್ರಲ್ಲ ಸಾರ್!”

“ಕಾಗದ ಮಾಡಿದ ಇಲಾಖೆ ಬೇರೆ, ವೆಬ್‌ಸೈಟ್ ಮಾಡಿದ ಇಲಾಖೆ ಬೇರೆ. ಇಬ್ಬರಿಗೂ ಮಾತಿಲ್ಲ.”

“ನೀನು ಹೋಗಯ್ಯ, ನಾನು ತುಂಬಿಸ್ತೀನಿ,” ಕೃಷ್ಣಯ್ಯ ಕಂಪ್ಯೂಟರಿನ ಮುಂದೆ ಕೂತರು. “ಮೈಕ್ರೋ ಅಂದ್ರೆ ಐವತ್ತು ತಾನೆ? ಇದರಲ್ಲಿ ಚುಕ್ಕೀನೂ ಇಲ್ಲ, ಮುಂದೆ ಸೊನ್ನೇನೂ ಇಲ್ಲ.”

ಮಧ್ವೇಶನಿಗೆ ಕಣ್ಣು ತುಂಬಿತು. ಬಾಗಿಲವರೆಗೂ ಹೋಗಿದ್ದ, ಹಿಂದೆ ಕಂಪ್ಯೂಟರು ಪೀಂ ಎಂದು ಅತ್ತಿತು. ತಿರುಗಿ ನೋಡಿದರೆ ತೆರೆಯ ಮೇಲೆ ಕೆಂಪು ಅಕ್ಷರದಲ್ಲಿ ‘ತಿರಸ್ಕೃತ’.

“ಎಷ್ಟು ಹಾಕಿದ್ರಿ ಸಾರ್?”

“ಐವತ್ತೊಂದು.”

“ಯಾಕೆ!”

“ಅಲ್ಲಯ್ಯ, ಶುಭಕಾರ್ಯದಲ್ಲಿ ದುಂಡಗೆ ಐವತ್ತು ಯಾರಾದ್ರೂ ಕೊಡ್ತಾರಾ? ಮುಯ್ಯಿ ಮಾಡುವಾಗ ನೂರಾ ಒಂದು ಅನ್ನಲ್ವಾ? ನಾನೇನೂ ಜಿಪುಣನಲ್ಲ, ಒಂದು ಮೈಕ್ರೋ ಸೇರಿಸಿದೆ.”

ಚನ್ನಕೇಶವ ಕೈಚೆಲ್ಲಿದರು. “ಒಂದ್ಸಲ ತಿರಸ್ಕಾರ ಅಂದ್ರೆ ಮುಗೀತು. ಬೋಲ್ಟೆಲ್ಲ ಬಿಚ್ಚಿ, ತಾಮ್ರ ಉಜ್ಜಿ, ಮತ್ತೆ ಬಿಗಿದು, ಮತ್ತೆ ಅಳೀಬೇಕು. ಇವತ್ತೇ. ನಾನು ಕಾಯ್ತೀನಿ.”

ಮೇಜಿನ ಮೇಲೆ ಮಧ್ವೇಶನ ಫೋನು ಹೊಡೆದುಕೊಳ್ಳತೊಡಗಿತು. ಅವನ ಎರಡೂ ಕೈಯಲ್ಲಿ ಆಗಲೇ ಸ್ಪ್ಯಾನರು. ಕೃಷ್ಣಯ್ಯನವರೇ ಎತ್ತಿದರು, ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಅವರ ಮುಖ ಬೆಣ್ಣೆಯ ಹಾಗೆ ಕರಗಿತು.

“ಛೆ ಛೆ, ಮಗು ಅಳಬಾರದಮ್ಮ,” ಅಂದರು. ಫೋನಿಟ್ಟು, ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. “ಮಧ್ವೇಶ, ನೀನು ಏನೂ ಯೋಚನೆ ಮಾಡ್ಬೇಡ. ನಿಧಾನವಾಗಿ ಬೋಲ್ಟು ಬಿಚ್ಚು. ನಿನ್ನ ಜಾಗದಲ್ಲಿ ನಾನೇ ಹೋಗಿ ಕೂತು ಹಾಡು ಕೇಳ್ತೀನಿ.”