ಶೇಕಡಾ ನಲವತ್ತು ಸುಧಾರಿಸಿದ ಅಪ್ಪ

ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯ ಪದವಿ ಪಡೆಯಲಿಚ್ಛಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಕೊನೆಯ ವರ್ಷದಲ್ಲಿ ಯಾವುದಾದರೂ ಒಂದು ನೈಸರ್ಗಿಕ ಸಂಪನ್ಮೂಲವನ್ನು ಕನಿಷ್ಠ ಶೇಕಡಾ ನಲವತ್ತರಷ್ಟು ಸುಧಾರಿಸತಕ್ಕದ್ದು. ಇದು ವಿಶ್ವವಿದ್ಯಾಲಯದ ನಿಯಮಾವಳಿ, ಪುಟ ಅರವತ್ತೊಂದು. ಸುಧಾರಿಸಲಾಗದವರು ಮತ್ತೆ ಮೊದಲನೇ ವರ್ಷಕ್ಕೆ ಸೇರತಕ್ಕದ್ದು. ಇದು ಪುಟ ಅರವತ್ತೆರಡು. ಇದನ್ನ ಯಾರೂ ಓದಿರ್ಲಿಲ್ಲ, ಯಾಕಂದ್ರೆ ಅರವತ್ತೊಂದು ಮುಗಿಸೋ ಹೊತ್ತಿಗೇ ಎಲ್ರೂ ಸುಸ್ತು.

ಕ್ಯಾಂಪಸ್ಸಿನ ಮಾಲಿಯ ಮಗಳು ಮಾತ್ರ ಎರಡನ್ನೂ ಓದಿದ್ಲು. ನೂರಿಪ್ಪತ್ತು ಕ್ರೆಡಿಟ್‌ನಲ್ಲಿ ನೂರಹದಿನಾರು ಅವಳ ಕೈಲಿತ್ತು: ಮಣ್ಣು, ನೀರು, ಕಾಡು, ಕಾಡಿನ ಕಾನೂನು, ಸಂಖ್ಯಾಶಾಸ್ತ್ರ, ಆಮೇಲೆ ಕೆರೆಗೆ ಬಿದ್ರೆ ಇರ್ಲಿ ಅಂತ ಆರು ವಾರ ಈಜು. ಈಜಿನ ಪರೀಕ್ಷೆ ಲಿಖಿತ. ಅದ್ರಲ್ಲೂ ಅವಳೇ ಫಸ್ಟು. ಬಾಕಿ ಇದ್ದದ್ದು ನಾಲ್ಕೇ ಕ್ರೆಡಿಟ್ಟು, ಕ್ಷೇತ್ರಕಾರ್ಯ. ಸಂಪನ್ಮೂಲ ಹಂಚೋ ದಿನ ಚೀಟಿ ಎತ್ತಿದ್ಲು, ಕ್ಯಾಂಪಸ್ಸಿನ ಹಿಂದಿರೋ ಕೊಳ ಬಂತು.

ಚೀಟಿನ ತಿರುಗಿಸಿ ಮತ್ತೆ ಓದಿದ್ಲು, ಕೊಳವೇ. ಆ ಕೊಳ ಅವಳಿಗೆ ಚೆನ್ನಾಗಿ ಗೊತ್ತು. ಆದ್ರೂ ನಿಯಮ ನಿಯಮವೇ ಅಂತ ಬೆಳಗ್ಗೆ ಬಿಳಿ ತಟ್ಟೆ, ಹಗ್ಗ, ಫಾರಂ ಎಲ್ಲಾ ಹಿಡ್ಕೊಂಡು ಹೋದ್ಲು. ಫಾರಂನಲ್ಲಿ ಎರಡು ಕಲಂ: 'ಮೊದಲು', 'ಆಮೇಲೆ'. ತಟ್ಟೆ ನೀರಿಗಿಳಿಸಬೇಕು, ಎಷ್ಟು ಆಳಕ್ಕೆ ಕಣ್ಮರೆ ಆಗುತ್ತೋ ಅಷ್ಟು ಬರೀಬೇಕು. ಇಳಿಸಿದ್ಲು, ಇಳಿಸಿದ್ಲು, ತಟ್ಟೆ ತಳ ಮುಟ್ಟಿ ಕೂತ್ಕೊಂಡ್ತು, ಇನ್ನೂ ಕಾಣ್ತಾನೇ ಇತ್ತು. ಒಂದು ಮೀನು ಬಂದು ತಟ್ಟೆ ಮೂಸಿ ನೋಡಿ ಹೋಗಿದ್ದೂ ಕಾಣ್ತು.

ಅವಳ ಗೈಡನ್ನ ಎಲ್ರೂ ಮೂರ್ಪ್ರತಿ ಮೇಷ್ಟ್ರು ಅಂತಿದ್ರು. ಏನೇ ತಂದ್ರೂ ಮೂರು ಪ್ರತಿ ಕೇಳ್ತಿದ್ರು, ರಜಾ ಚೀಟಿನೂ ಅಷ್ಟೇ, ಮದುವೆ ಕಾರ್ಡೂ ಅಷ್ಟೇ. ಅವರು ಕೊಳದ ದಡದಲ್ಲಿ ನಿಂತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ನೋಡಿದ್ರು.

"ಇದ್ರಲ್ಲಿ ಸುಧಾರಿಸೋಕೆ ಏನಿದೆಯಮ್ಮಾ?"

"ಏನೂ ಇಲ್ಲ ಸರ್."

"ಅದೇ ನೋಡು ಸಮಸ್ಯೆ. ಇಷ್ಟು ಬೇಜವಾಬ್ದಾರಿ ಕೊಳ ನಾನು ನೋಡೇ ಇಲ್ಲ. ಯಾರು ಇದನ್ನ ಹೀಗೆ ಮಾಡಿದ್ದು?"

"ನಮ್ಮಪ್ಪ ಸರ್. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗ್ಗೆ ಎಲೆ ತೆಗೀತಾರೆ, ಪಾಚಿ ಬಳಿದು ಹಾಕ್ತಾರೆ."

"ಸಂರಕ್ಷಣೆಯಲ್ಲಿ ಅವರ ವಿದ್ಯಾರ್ಹತೆ?"

"ಏಳನೇ ಕ್ಲಾಸು ಸರ್."

ಮೇಷ್ಟ್ರ ಮುಖ ಸಪ್ಪೆ ಆಯ್ತು. ಅರ್ಹತೆ ಇಲ್ಲದೆ ಸಂರಕ್ಷಣೆ ಮಾಡೋದು, ಅದೂ ಇಪ್ಪತ್ತೆರಡು ವರ್ಷ. ಒಬ್ಬ ಡಾಕ್ಟರಲ್ಲದವನು ಆಪರೇಷನ್ ಮಾಡಿ ರೋಗಿ ಎದ್ದು ಓಡಾಡಿಬಿಟ್ರೆ ಆಸ್ಪತ್ರೆಗೆ ಆಗುವಂಥ ಮುಜುಗರ.

"ಸರ್, ಬೇರೆ ಏನಾದ್ರೂ ಕೊಡಿ. ಒಂದು ಮೋರಿ ಆದ್ರೂ ಆಗ್ಲಿ."

"ಮೋರಿ ಎಲ್ಲಾ ಖಾಲಿಯಮ್ಮಾ. ಹಾಸ್ಟೆಲ್ ಹಿಂದಿನ ಮೋರಿಗೆ ಏನು ಪೈಪೋಟಿ ಇತ್ತು ಗೊತ್ತಾ? ಡೀನ್ ಅವರ ಅಳಿಯಂಗೆ ಹೋಯ್ತು. ಎರಡು ಬಕೆಟ್ ಫಿನಾಯಿಲ್ ಹಾಕಿದ, ಶೇಕಡಾ ಅರವತ್ತೆರಡು. ಪುಣ್ಯ ಮಾಡಿದ್ದ."

ಮೂರನೇ ದಿನ ಕುಲಸಚಿವರ ಕಚೇರಿಯಿಂದ ಸುತ್ತೋಲೆ ಬಂತು. "ಕೊಳದ ಮಾಲಿಯವರು ಅನಧಿಕೃತವಾಗಿ ಕೈಗೊಂಡಿರುವ ಸ್ವಚ್ಛತೆಯಿಂದ ವಿದ್ಯಾರ್ಥಿಗಳ ಭವಿಷ್ಯಕ್ಕೆ ಧಕ್ಕೆಯಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸದರಿಯವರು ಅರವತ್ತು ದಿನಗಳ ಕಾಲ ಕೊಳವನ್ನು ಅದರ ಪಾಡಿಗೆ ಬಿಡತಕ್ಕದ್ದು. ಕೊಳವು ತೃಪ್ತಿಕರವಾಗಿ ಹದಗೆಟ್ಟ ನಂತರ ವಿದ್ಯಾರ್ಥಿನಿಯು ಅದನ್ನು ಸುಧಾರಿಸತಕ್ಕದ್ದು."

ಮನೆಯಲ್ಲಿ ಅಮ್ಮ ಹೊಲಿಗೆ ಮಷಿನ್ ಮುಂದೆ ಕೂತಿದ್ಲು. ಅಪ್ಪ ಸುತ್ತೋಲೆನ ಬೆರಳಿಟ್ಟು ಎರಡು ಸಲ ಓದಿದ.

"ಅಂದ್ರೆ ನಾನು ಸುಮ್ನೆ ಕೂತು ಅದು ಕೊಳೆಯೋದು ನೋಡ್ಬೇಕಾ, ಮಗಳೇ?"

"ಪೂರ್ತಿ ಕೊಳೀಬೇಕಾಗಿಲ್ಲಪ್ಪ. ನಲವತ್ತು ಪರ್ಸೆಂಟ್ ಸಾಕು."

"ಅಷ್ಟು ಅಳತೆಯಾಗಿ ಹಾಳು ಮಾಡೋಕೆ ನಂಗೆ ಬರಲ್ಲವಲ್ಲ."

"ನೀನೇನೂ ಮಾಡ್ಬೇಡ, ಅದೇ ಆಗುತ್ತೆ."

ಅಮ್ಮ ಸೂಜಿಗೆ ದಾರ ಪೋಣಿಸ್ತಾ ಅಂದ್ಲು, "ಮನೇಲಿ ಒಂದು ಲೋಟ ತೊಳೆದ ಮನುಷ್ಯ ಅಲ್ಲ. ಕೊಳ ತೊಳೀಬೇಡ ಅಂದ್ರೆ ನೋಡು, ಮುಖ ಎಷ್ಟುದ್ದ ಮಾಡ್ಕೊಂಡಿದಾರೆ. ಏನ್ರೀ, ಮಗಳ ಓದು ಮುಖ್ಯನಾ, ಪಾಚಿ ಮುಖ್ಯನಾ?"

"ಮಗಳ ಓದು ಕಣೇ," ಅಂದ ಅಪ್ಪ, ಬಲೆ ಕಟ್ಟಿದ್ದ ಕೋಲನ್ನ ಬಾಗಿಲ ಹಿಂದೆ ಒರಗಿಸಿಟ್ಟ.

ಒಂಬತ್ತು ದಿನ ತಡ್ಕೊಂಡ. ಹತ್ತನೇ ದಿನ ಮಗಳು ಅಳೆದ್ಲು, ನೀರು ಒಂಚೂರು ಮಂಕಾಗಿತ್ತು, ಖುಷಿಪಟ್ಲು. ಹನ್ನೊಂದನೇ ದಿನ ಮತ್ತೆ ತಳ ಫಳಫಳ. ಹನ್ನೆರಡನೇ ದಿನ ಬೆಳಕು ಹರಿಯೋ ಮುಂಚೆನೇ ಹೋಗಿ ಪೊದೆ ಹಿಂದೆ ಕೂತ್ಲು. ಯಾರೋ ಅಮ್ಮನ ಶಾಲು ಮುಸುಕು ಹಾಕ್ಕೊಂಡು ಬಂದು ನೀರಿಗಿಳಿದ್ರು.

"ಅಪ್ಪ."

"ವಾಕಿಂಗ್ ಬಂದಿದ್ದೆ ಪುಟ್ಟಿ."

"ಮೊಣಕಾಲುದ್ದ ನೀರೊಳಗಾ?"

"ಡಾಕ್ಟ್ರು ಹಾಗೇ ಹೇಳಿದ್ರು," ಅಂದ ಅಪ್ಪ, ಕೈಲಿದ್ದ ಎಲೆಗಳನ್ನ ನಿಧಾನಕ್ಕೆ ವಾಪಸ್ ನೀರಿಗೆ ಬಿಟ್ಟ. ಒಂದು ಎಲೆನ ಮಾತ್ರ ಬಿಡೋಕೆ ಆಗ್ಲಿಲ್ಲ, ಜೇಬಿಗೆ ಹಾಕ್ಕೊಂಡ.

ಅವಳು ಕೈ ಹಿಡಿದು ಅಪ್ಪನ್ನ ದಡಕ್ಕೆ ಹತ್ತಿಸಿದ್ಲು. ಆದ್ರೆ ದಿನ ಓಡ್ತಿತ್ತು, ಸುಮ್ನಿದ್ರೆ ಮೊದಲನೇ ವರ್ಷ, ಮತ್ತೆ ಆ ಲಿಖಿತ ಈಜು. ವಿಷಯ ವಿಶ್ವವಿದ್ಯಾಲಯದ ಸಮಿತಿ ಮುಂದೆ ಹೋಯ್ತು. ಉದ್ದ ಮೇಜು, ಆ ಕಡೆ ಕುಲಸಚಿವರು, ಈ ಕಡೆ ಮೂರ್ಪ್ರತಿ ಮೇಷ್ಟ್ರು, ಮಧ್ಯೆ ಬಿಸ್ಕತ್ತು. ಕೊಳ ಯಾಕೆ ಹದಗೆಡ್ತಿಲ್ಲ ಅನ್ನೋದರ ಮೇಲೆ ಒಂದೂವರೆ ಗಂಟೆ ಗಂಭೀರ ಚರ್ಚೆ ಆಯ್ತು. ಕಡೆಗೆ ಮೇಷ್ಟ್ರಿಗೆ ಹೊಳೀತು.

"ಸರ್, ಪುಟ ಮೂರು ನೋಡಿ. 'ಜಲಮೂಲದ ಆರೋಗ್ಯಕ್ಕೆ ಆಧಾರವಾಗಿರುವ, ಕಾರ್ಖಾನೆಯಲ್ಲಿ ತಯಾರಾಗದ ಯಾವುದೇ ಅಂಶವು ನೈಸರ್ಗಿಕ ಸಂಪನ್ಮೂಲವೆನಿಸತಕ್ಕದ್ದು.' ಕೊಳದ ಆರೋಗ್ಯಕ್ಕೆ ಆಧಾರ ಯಾರು? ಈ ಮಾಲಿ. ಹಾಗಾದ್ರೆ ಇವರೇ ಸಂಪನ್ಮೂಲ. ಹುಡುಗಿ ಇವರನ್ನೇ ಸುಧಾರಿಸ್ಲಿ."

ಕುಲಸಚಿವರು ಬಿಸ್ಕತ್ತು ಕೆಳಗಿಟ್ರು. ಹೊರಗೆ ಸ್ಟೂಲ್ ಮೇಲೆ ಕೂತಿದ್ದ ಅಪ್ಪನ್ನ ಒಳಗೆ ಕರೆಸಿದ್ರು.

"ನಿಮ್ಮದೆಲ್ಲಾ ನೈಸರ್ಗಿಕ ತಾನೇ?"

"ಎರಡು ಹಲ್ಲು ಕಟ್ಟಿಸಿದ್ದು ಸಾರ್."

ನಡಾವಳಿಯಲ್ಲಿ 'ಎರಡು ಹಲ್ಲುಗಳನ್ನು ಹೊರತುಪಡಿಸಿ' ಅಂತ ಬರೆದು ಒಪ್ಪಿಗೆ ಕೊಟ್ರು. ಮೂರು ಪ್ರತಿ.

ಇನ್ನು ಅಳತೆ. ಏನು ಹೇಳೋದು, ಅಪ್ಪ ಎಷ್ಟು ಚೆನ್ನಾಗಿ ಹದಗೆಟ್ಟಿದ್ದ ಅಂದ್ರೆ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಮಂಡಿ ಅರ್ಧಕ್ಕಿಂತ ಜಾಸ್ತಿ ಬಗ್ತಿರ್ಲಿಲ್ಲ. ನಿದ್ದೆ ನಾಲ್ಕು ಗಂಟೆ. ಬಿ.ಪಿ. ಮೇಲೆ. ಸೊಂಟ ಬಲಕ್ಕೆ ವಾಲಿತ್ತು. "ಇಷ್ಟು ವರ್ಷ ಇಂಥದ್ದೊಂದು ಸಂಪನ್ಮೂಲ ನಮ್ಮ ಕಣ್ಣೆದುರೇ ಓಡಾಡ್ತಿತ್ತಲ್ಲ," ಅಂದ್ರು ಅವರು. ಕೊನೆಯ ಸಾಲು 'ಉಲ್ಲಾಸ', ದಿನಕ್ಕೆ ಎಷ್ಟು ಸಲ ಗುನುಗ್ತಾನೆ ಅನ್ನೋ ಲೆಕ್ಕ. ಅಪ್ಪ ಮೊದಲಿಂದಲೂ ಗುನುಗೋ ಮನುಷ್ಯ, ಆದ್ರೆ ಸುತ್ತೋಲೆ ಬಂದಾಗಿನಿಂದ ಒಂದು ಸಲವೂ ಇಲ್ಲ. ಸೊನ್ನೆ ಬರೆದ್ಲು.

ಶುರು ಮಾಡಿದ್ಲು ನೋಡಿ ಸಂರಕ್ಷಣೆ. ಬೆಳಗ್ಗೆ ಮಂಡಿಗೆ ಎಣ್ಣೆ, ಮಧ್ಯಾಹ್ನ ಬಿಸಿನೀರಿನ ಶಾಖ, ಉಪ್ಪು ಕಮ್ಮಿ, ಒಂಬತ್ತಕ್ಕೆ ಮಲಗು. ಅಪ್ಪ ಹೇಳಿದಂಗೆ ಕೇಳ್ದ, ಕಾಲು ಚಾಚು ಅಂದ್ರೆ ಚಾಚ್ದ, ಮಡಚು ಅಂದ್ರೆ ಮಡಚ್ದ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ನಂದೂ ಒಂದು ಫಾರಂ ತಾರೇ, ನಂಗೂ ಬೆನ್ನು ನೋವಿದೆ," ಅಂದ್ಲು. ನೀನು ಯಾವ ಜಲಮೂಲಕ್ಕೆ ಆಧಾರ ಅಂತ ಮಗಳು ಕೇಳಿದ್ಲು. ಅಮ್ಮ ಅಪ್ಪನ ಕಡೆ ಬೆರಳು ತೋರಿಸಿದ್ಲು. ವಾದ ಸರಿಯಾಗಿತ್ತು, ಆದ್ರೆ ಅರ್ಜಿಯ ಕೊನೆ ದಿನ ಮುಗಿದಿತ್ತು.

ಫಾರಂ ಸಲ್ಲಿಸೋ ಹಿಂದಿನ ದಿನ ಕೂಡಿ ನೋಡಿದ್ರೆ ಶೇಕಡಾ ಮೂವತ್ತೆಂಟು. ಮಂಡಿ ಬಗ್ಗಿತ್ತು, ನಿದ್ದೆ ಬಂದಿತ್ತು, ಸೊಂಟ ನೆಟ್ಟಗಾಗಿತ್ತು. ಉಲ್ಲಾಸ ಮಾತ್ರ ಸೊನ್ನೆ. ಜೋಕ್ ಹೇಳಿದ್ಲು, ರೇಡಿಯೋ ಹಾಕಿದ್ಲು, ಪಕ್ಕದ್ಮನೆ ಮಗುನ ತಂದು ತೊಡೆ ಮೇಲೆ ಕೂರಿಸಿದ್ಲು. ಅಪ್ಪ ಮಗುನ ನೋಡಿ ನಿಟ್ಟುಸಿರು ಬಿಟ್ಟ, ಮಗು ಅಪ್ಪನ್ನ ನೋಡಿ ಅತ್ತಿತು. ಎರಡು ಪರ್ಸೆಂಟ್ ಕಮ್ಮಿ, ಅಷ್ಟಕ್ಕೇ ಮತ್ತೆ ನಾಲ್ಕು ವರ್ಷ.

ಬೆಳಗ್ಗೆ ಎದ್ದವಳೇ ಬಾಗಿಲ ಹಿಂದಿಂದ ಕೋಲು ತಗೊಂಡ್ಲು. "ಬಾಪ್ಪ." ಕೊಳದ ಹತ್ರ ಹೋಗಿ ಆ ಕಡೆ ಈ ಕಡೆ ನೋಡಿ ಕೋಲು ಅವನ ಕೈಗೆ ಕೊಟ್ಲು. "ಹತ್ತೇ ನಿಮಿಷ. ನಾನು ನೋಡಿಲ್ಲ."

ಅಪ್ಪ ಪ್ಯಾಂಟ್ ಮಡಚಿ ನೀರಿಗಿಳಿದ. ಬಲೆ ಒಂದು ಸುತ್ತು ಹಾಕಿತು, ಎರಡು ಸುತ್ತು, ಮೂರನೇ ಸುತ್ತಿಗೆ ಗುನುಗು ಶುರುವಾಯ್ತು. ಮಗಳು ದಡದಲ್ಲಿ ಕೂತು ಬೆರಳು ಮಡಚಿ ಎಣಿಸಿದ್ಲು, ಎಣಿಸ್ತಾ ಎಣಿಸ್ತಾ ಲೆಕ್ಕ ತಪ್ಪಿತು, ಅವಳೂ ಗುನುಗ್ತಿದ್ಲು. ಶೇಕಡಾ ನಲವತ್ತೊಂದು. ಫಾರಂನಲ್ಲಿ 'ಅನುಸರಿಸಿದ ವಿಧಾನ' ಅನ್ನೋ ಕಡೆ 'ಪ್ರಕೃತಿ ಚಿಕಿತ್ಸೆ' ಅಂತ ಬರೆದ್ಲು.

ಪದವಿ ಬಂತು. ಗೌನು, ಟೋಪಿ, ಫೋಟೋ. ಮೇಷ್ಟ್ರು ಭಾಷಣದಲ್ಲಿ "ಕೊಳ ಕಾಯುವವನನ್ನೇ ಕಾಯ್ದ ಹುಡುಗಿ" ಅಂದ್ರು, ಎಲ್ರೂ ಚಪ್ಪಾಳೆ ತಟ್ಟಿದ್ರು, ಅಮ್ಮ ಎಲ್ರಿಗಿಂತ ಎರಡು ಚಪ್ಪಾಳೆ ಜಾಸ್ತಿ.

ಮಾರನೇ ದಿನ ಪುಟ ಒಂಬತ್ತು ಜಾರಿಗೆ ಬಂತು. "ಒಮ್ಮೆ ಸುಧಾರಣೆ ದೃಢಪಟ್ಟ ಸಂಪನ್ಮೂಲವು ಸಂರಕ್ಷಿತವೆನಿಸತಕ್ಕದ್ದು. ಸಂರಕ್ಷಿತ ಸಂಪನ್ಮೂಲವನ್ನು ಯಾವುದೇ ಕೆಲಸಕ್ಕೆ ಬಳಸತಕ್ಕದ್ದಲ್ಲ." ಕೊಳದ ದಡದಲ್ಲಿ ನೆರಳು ನೋಡಿ ಹಸಿರು ಕಂಬಿ ಬೇಲಿ ಹಾಕಿದ್ರು, ಒಳಗೆ ಒಂದು ಬೆಂಚು, ಬೆಂಚಿನ ಮೇಲೆ ಅಪ್ಪ. ಬೋರ್ಡು: 'ಸಂಪನ್ಮೂಲ ಸಂಖ್ಯೆ 14. ಮುಟ್ಟಬೇಡಿ. ತಿಂಡಿ ಹಾಕಬೇಡಿ.' ಸಂಬಳ ಹಾಗೇ ಬರ್ತಿತ್ತು. ಅಮ್ಮ ದಿನಾ ಸಂಜೆ ಆರಕ್ಕೆ ಎರವಲು ಪುಸ್ತಕದಲ್ಲಿ ಸಹಿ ಹಾಕಿ ಕರ್ಕೊಂಡ್ಹೋಗ್ತಿದ್ಲು, ಬೆಳಗ್ಗೆ ಎಂಟಕ್ಕೆ ವಾಪಸ್ ತಂದ್ಬಿಡ್ತಿದ್ಲು. ತಡವಾದ್ರೆ ದಂಡ. "ಮದುವೆ ಆದಾಗಿನಿಂದ ಇಷ್ಟು ಸರಿಯಾದ ಟೈಮಿಗೆ ಮನೆಗೆ ಬಂದವರೇ ಅಲ್ಲ," ಅಂತಿದ್ಲು, ಅವಳಿಗೇನೂ ಬೇಜಾರಿರ್ಲಿಲ್ಲ.

ಕೊಳ ಒಂದೇ ತಿಂಗಳಿಗೆ ಹಸಿರಾಯ್ತು, ಎರಡನೇ ತಿಂಗಳಿಗೆ ನಾತ ಬಂತು. ಇಲಾಖೆಯಲ್ಲಿ ಸಿಹಿ ಹಂಚಿದ್ರು. ಮುಂದಿನ ಬ್ಯಾಚಿನ ಹದಿನಾಲ್ಕು ಜನಕ್ಕೆ ಕೊಳದಲ್ಲೇ ಹದಿನಾಲ್ಕು ಮೂಲೆ ಹಂಚ್ಬಹುದಿತ್ತು, ಒಬ್ರಿಗೂ ಮೋರಿಗೆ ಅಲೆಯೋ ಗತಿ ಇಲ್ಲ. ಡೀನ್ ಖುದ್ದಾಗಿ ಬಂದು ಮೂಗು ಮುಚ್ಕೊಂಡು ಅಭಿನಂದಿಸಿದ್ರು. ಮಾಲಿಯ ಮಗಳಿಗೆ ಅಲ್ಲೇ ಕೆಲಸ ಆಯ್ತು: ಸಂರಕ್ಷಣಾಧಿಕಾರಿ, ಸಂಪನ್ಮೂಲ ಸಂಖ್ಯೆ 14. ಖಾಕಿ ಅಂಗಿ, ಗುರುತಿನ ಚೀಟಿ, ಕೊರಳಲ್ಲಿ ಸೀಟಿ.

ಮೊದಲ ವಾರವೇ ಒಂದು ಬೆಳಗ್ಗೆ ಹೊಸ ಬ್ಯಾಚಿನವರು ಪುಸ್ತಕ ಹಿಡ್ಕೊಂಡು ದಡದಲ್ಲಿ ನಿಂತಿದ್ರು. ಮರದಿಂದ ಅಗಲವಾದ ಒಂದು ಎಲೆ ತೇಲ್ಕೊಂಡು ಬಂದು ಪಾಚಿ ಮೇಲೆ ಕೂತಿತು, ಬೇಲಿಗೆ ಒಂದೇ ಮಾರು ದೂರ. ಅಪ್ಪ ಬೆಂಚಿಂದ ಎದ್ದ. ಈಗ ಮಂಡಿ ಚೆನ್ನಾಗಿ ಬಗ್ತಿತ್ತು. ಕಂಬಿ ಸಂದಿಯಿಂದ ಕೈ ಹೊರಗೆ ಚಾಚಿದ.

ಮಗಳು ಸೀಟಿ ಬಾಯಿಗಿಟ್ಟು ಮೆಲ್ಲಗೆ ಊದಿದ್ಲು, ಒಂದು ಚೂರು ಗಾಳಿ ಅಷ್ಟೇ.

"ಜೋರಾಗಿ ಊದು ಪುಟ್ಟಿ," ಅಂದ ಅಪ್ಪ ದನಿ ತಗ್ಗಿಸಿ. "ಮೇಷ್ಟ್ರು ಕಿಟಕೀಲಿ ನಿಂತಿದಾರೆ."

ಜೋರಾಗಿ ಊದಿದ್ಲು. ಅಪ್ಪ ಕೈ ಒಳಗೆಳ್ಕೊಂಡು ಕೂತ. ಹದಿನಾಲ್ಕು ಜನವೂ ಬರ್ಕೊಂಡ್ರು.